ತಂಗಮ್ಮನನ್ನು ಗುಂಪಿನಿಂದ ತೆಗೆದ ದಿನ

ನನ್ನ ಗುಲಾಬಿ ಹೂವನ್ನು ತಂಗಮ್ಮ ಅಳಿಸಿಹಾಕಿದ ದಿನವೇ ಅವಳ ಮೇಲೆ ನನಗೆ ಗೌರವ ಹುಟ್ಟಿತು ಎಂದರೆ ಸುಳ್ಳಾಗುತ್ತದೆ. ಅವತ್ತು ಹುಟ್ಟಿದ್ದು ಕೋಪ. ಹೈಸ್ಕೂಲಿನಲ್ಲಿ ಅರ್ಧ ಊರಿಗೆ ಕನ್ನಡ ಕಲಿಸಿದವಳು ನಾನು. ಮನೋರಮಾ ಟೀಚರ್ ಎಂದರೆ ಈಗಲೂ ಬಸ್ಸಿನಲ್ಲಿ ಸೀಟು ಬಿಟ್ಟುಕೊಡುತ್ತಾರೆ. ಅಂಥವಳು ಬೆಳಿಗ್ಗೆ ಎದ್ದು ವಾಟ್ಸ್ಆ್ಯಪ್ ಗುಂಪಿನಲ್ಲಿ ಊರಿಗೆಲ್ಲ ಶುಭೋದಯ ಹೇಳಿ ಒಂದು ಗುಲಾಬಿಯ ಚಿತ್ರ ಕಳಿಸಿದರೆ, ಅದರ ಜಾಗದಲ್ಲಿ ‘ಅಡ್ಮಿನ್ ತಂಗಮ್ಮ ಈ ಸಂದೇಶವನ್ನು ಅಳಿಸಿದ್ದಾರೆ’ ಎಂಬ ಸಾಲು! ಅದಕ್ಕೆ ಮೊದಲು ಫೋನ್ ಬೇರೆ ಮಾಡಿ, ‘ಇದೆ’ ಎನ್ನಲು ‘ಉಟ್ಟು’ ಎನ್ನುವ ನಮ್ಮ ಕಡೆಯ ಮಾತಿನಲ್ಲಿ ಹೇಳಿದ್ದಳು.

“ಟೀಚರೇ, ಹೂ ಚೆಂದ ಉಟ್ಟು. ಆದ್ರೆ ಇಲ್ಲಿಗೆ ಬರುವವರು ಆನೆ ಎಲ್ಲಿ ಉಟ್ಟು ಅಂತ ನೋಡ್ಲಿಕ್ಕೆ ಬರುವವರು. ಅವರು ನಿಮ್ಮ ಹೂ ದಾಟಿ ಕೆಳಗೆ ಹೋಗ್ಬೇಕಲ್ಲ. ಅಳಿಸ್ತೇನೆ, ಬೇಜಾರ್ ಮಾಡ್ಬೇಡಿ.”

ಬೇಜಾರು ಮಾಡಿಕೊಂಡೆ. ಒಂದು ವಾರ ಅವಳ ಅಂಗಡಿಯ ಕಡೆ ಕಾಲು ಹಾಕಲಿಲ್ಲ. ಅದೇ ವಾರ ಪಂಚಾಯಿತಿ ಮೆಂಬರ್ ಹಾಕಿದ ತನ್ನದೇ ಹುಟ್ಟುಹಬ್ಬದ ಪೋಸ್ಟರೂ, ತಂಗಮ್ಮನ ಸ್ವಂತ ನಾದಿನಿ ಹಾಕಿದ ಸೀರೆ ಸೇಲಿನ ಫೋಟೊವೂ ಹೀಗೇ ಮಾಯವಾದದ್ದು ಕಂಡಿತು. ಹೊಟ್ಟೆ ಸ್ವಲ್ಪ ತಣ್ಣಗಾಯಿತು. ಪತ್ರಿಕೆ ತರುವ ನೆಪ ಮಾಡಿಕೊಂಡು ಅಂಗಡಿಗೆ ಹೋದೆ.

ತಂಗಮ್ಮನ ಅಂಗಡಿ ಎಂದರೆ ಮಾದಾಪುರ ಪೇಟೆಯ ಮೂಲೆಯ ಹಳೆಯ ಎಸ್‌ಟಿಡಿ ಬೂತ್. ಈಗ ಜೆರಾಕ್ಸು, ರೀಚಾರ್ಜು, ಪತ್ರಿಕೆ, ಸ್ವಲ್ಪ ಬಿಸ್ಕತ್ತು. ಚಿಕ್ಕ ವಯಸ್ಸಿನಲ್ಲಿ ಗಂಡ ತೀರಿಕೊಂಡಾಗ ಸೋದರಮಾವ ಪೂವಯ್ಯ ಮಡಿಕೇರಿಗೆ ಅಲೆದಲೆದು ಅವಳ ಹೆಸರಿಗೆ ಕೊಡಿಸಿದ ಬೂತ್ ಅದು. ಮೊಬೈಲ್ ಬರುವ ಮೊದಲು ಸುತ್ತಲಿನವರೆಲ್ಲ ಆ ಗಾಜಿನ ಗೂಡಿನೊಳಗೆ ನಿಂತು ಕೂಗಿ ಕೂಗಿ ಮಾತಾಡುತ್ತಿದ್ದರು. ಹೊರಗೆ ಕೂತವಳಿಗೆ ಕೇಳದೆ ಇರುತ್ತದೆಯೇ? ಯಾರ ಮನೆಯ ನೆಂಟಸ್ತಿಕೆ ಮುರಿಯಿತು, ಯಾರ ಮಗಳು ಯಾರ ಜೊತೆ ಸಂಪಾಜೆ ದಾಟಿ ಓಡಿಹೋದಳು, ಎಲ್ಲ ಅವಳ ಕಿವಿಗೆ ಮೊದಲು. ಅದರಲ್ಲಿ ಒಂದಾದರೂ ಅವಳ ಬಾಯಿಂದ ಹೊರಗೆ ಬಂದಿದ್ದರೆ ಕೇಳಿ. ನಾನೆಷ್ಟು ಕೆದಕಿದರೂ “ಲೈನ್ ಸರಿ ಇರ್ಲಿಲ್ಲ ಟೀಚರೇ, ಎಂತದೂ ಕೇಳಿಸ್ಲಿಲ್ಲ” ಎನ್ನುತ್ತಿದ್ದಳು.

ಮಳೆಗೆ ಗುಡ್ಡಗಳು ಜಾರಿದ ವರ್ಷ ಗಾಳಿಮಾತು ಕೇಳಿಯೇ ಜನ ಹೆದರಿ ಅರ್ಧ ಸತ್ತಿದ್ದರು. ಆಮೇಲೆ ನಮ್ಮಲ್ಲಿದ್ದ ದನದ ಡಾಕ್ಟರ್ ಕೀರ್ತಿಕುಮಾರ್ ದಾರಿಯ ಸುದ್ದಿ, ಆನೆಯ ಸುದ್ದಿಗೆಂದು ವಾಟ್ಸ್ಆ್ಯಪಿನಲ್ಲಿ ‘ಮಾದಾಪುರ ದಾರಿ’ ಎಂಬ ಗುಂಪು ತೆರೆದರು. ವರ್ಗವಾಗಿ ಹೋಗುವಾಗ, ಇದನ್ನು ಯಾರ ಕೈಗೆ ಕೊಡಲಿ ಎಂದು ಗುಂಪಿನಲ್ಲೇ ಕೇಳಿದರು. ಪ್ಲಾಂಟರುಗಳು, ಜೀಪಿನವರು, ಮೇಷ್ಟ್ರುಗಳು, ಯಾವ ವಿಷಯಕ್ಕೂ ಒಪ್ಪದವರೆಲ್ಲ ಒಂದೇ ಹೆಸರು ಬರೆದರು. ಬೂತಿನ ತಂಗಮ್ಮ.

ಅವಳು ಅದನ್ನು ಬೂತಿನ ಹಾಗೇ ನಡೆಸಿದಳು. ಯಾರದಾದರೂ ಮಾತು ಅಳಿಸಬೇಕಾದರೆ ಮೊದಲು ಫೋನ್ ಮಾಡಿ ಹೇಳುತ್ತಿದ್ದಳು. ತಪ್ಪು ಸುದ್ದಿ ಹಾಕಿದವರೇ ಮತ್ತೆ ಬಂದು ಅದು ತಪ್ಪು ಎಂದು ಬರೆಯಬೇಕು, ಆಮೇಲೆ ಒಂದು ತಿಂಗಳು ಹೊರಗಿರಬೇಕು. ಸಾವಿನ ಸುದ್ದಿಯಾದರೆ ಆ ಮನೆಯವರ ಬಾಯಿಂದಲೇ ಕೇಳಿರಬೇಕು. ಬರೆದ ಆನೆ ಸುದ್ದಿಯನ್ನೆಲ್ಲ ಅವಳು ಮತ್ತೊಮ್ಮೆ ತನ್ನ ದನಿಯಲ್ಲಿ ಹೇಳಿ ಹಾಕುತ್ತಿದ್ದಳು, ಯಾಕೆಂದರೆ ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಓದಲು ಬಾರದವರು ತುಂಬ ಜನ.

ಅವರಲ್ಲಿ ಸಿದ್ದಿ ಒಬ್ಬಳು. ನಮ್ಮ ಮನೆಯೆದುರಿನ ಎಸ್ಟೇಟಿನಲ್ಲಿ ಪಿಕ್ಕಿಂಗ್, ಎಂದರೆ ಕಾಫಿ ಕೊಯ್ಯುವ ಕೆಲಸ, ಮಾಡುವವಳು. ಈ ಗುಂಪು ಹುಟ್ಟುವ ಮೊದಲು ಒಂದು ಮಂಜಿನ ಬೆಳಿಗ್ಗೆ ಅವಳ ಗಂಡ ಮಾರಿ ತೋಟದ ದಾರಿಯಲ್ಲಿ ಆನೆಗೆ ಸಿಕ್ಕಿ ಸತ್ತ. ಅವನನ್ನು ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದವರು ಪೂವಯ್ಯನವರೇ. ಆಮೇಲೆ ಸಿದ್ದಿ ಎಷ್ಟೋ ಕಾಲ ತೋಟಕ್ಕೇ ಇಳಿಯಲಿಲ್ಲ. ಗುಂಪು ಬಂದ ಮೇಲೆ ಇಳಿದಳು. ದಿನಾ ಬೆಳಿಗ್ಗೆ ಲೈನಿನ ಕೊನೆಯ ಮನೆಯ ಹತ್ತಿರ ನಿಂತು ಫೋನನ್ನು ಕಿವಿಗೆ ಹಿಡಿಯುವಳು. ‘ದಾರಿ ಸರಿ ಉಟ್ಟು’ ಎಂದು ತಂಗಮ್ಮನ ದನಿ ಹೇಳಿದರೆ ಹೆಜ್ಜೆ ಮುಂದೆ. ನಮ್ಮ ಜಗಲಿಯಿಂದ ನನಗದು ಕಾಣುತ್ತಿತ್ತು. ಇದನ್ನು ಹೇಳಿದಾಗ ತಂಗಮ್ಮ, “ಸಿದ್ದಿ ಅಲ್ಲಿ ನಿಲ್ಲುವಷ್ಟು ದಿನ ಮಾತ್ರ ಈ ಗುಂಪಿಗೆ ಅರ್ಥ ಟೀಚರೇ. ಅವಳು ನಿಲ್ಲದೆ ಹೋದ್ರೆ ಮುಚ್ಚಿ ಬಿಡುವ” ಎಂದಿದ್ದಳು.

ಕಳೆದ ಕೊಯ್ಲಿನ ಶುರುವಿನಲ್ಲಿ ಶಶಿಧರನ ಪ್ರಕರಣ ಆಯಿತು. ಶಶಿಧರ ಪಕ್ಕದ ಎಸ್ಟೇಟಿನಲ್ಲಿ ಕೂಲಿ ಲೆಕ್ಕ ಬರೆಯುವ ರೈಟರ್, ನನ್ನ ಹಳೆಯ ವಿದ್ಯಾರ್ಥಿ. ಹುಡುಗನಾಗಿದ್ದಾಗಲೂ ಮೂಗಿನ ತುದಿಯಲ್ಲೇ ಕೋಪ. ಗುಂಪಿಗೆ ಹೆಚ್ಚು ಆನೆ ಸುದ್ದಿ ಕೊಡುತ್ತಿದ್ದವನು ಅವನೇ. ಒಂದು ದಿನ ಶಾಲೆ ರಸ್ತೆಯಲ್ಲಿ ಒಂಟಿ ಸಲಗ ಎಂದು ವಿಡಿಯೊ ಹಾಕಿದ. ಯಾರೂ ಮಕ್ಕಳನ್ನು ಶಾಲೆಗೆ ಕಳಿಸಲಿಲ್ಲ. ನೋಡಿದರೆ ಅದು ಬೇರೆ ಯಾವುದೋ ಜಿಲ್ಲೆಯ, ಯಾವುದೋ ಕಾಲದ ವಿಡಿಯೊ. ಅವನಿಗೆ ಯಾರೋ ಕಳಿಸಿದ್ದರು, ಇವನು ನೋಡದೆ ದಾಟಿಸಿದ್ದ.

ಅವನ ಪರ ವಾದಿಸಲು ನಾನೇ ಹೋದೆ. ಒಳ್ಳೆಯ ಉದ್ದೇಶದಿಂದ ಹಾಕಿದ್ದಾನೆ, ಬಿಟ್ಟುಬಿಡು ಎಂದೆ.

“ಉದ್ದೇಶ ನೋಡಿ ಬಿಡ್ಲಿಕ್ಕೆ ಹೊರಟ್ರೆ, ನಾಳೆ ನಂಗೆ ಬೇಕಾದವರ ಉದ್ದೇಶ ಎಲ್ಲಾ ಒಳ್ಳೇದೇ ಕಾಣ್ತದೆ” ಎಂದಳು.

ಶಶಿಧರ ತಪ್ಪಾಯಿತೆಂದು ಬರೆದ. ತಿಂಗಳು ಹೊರಗಿದ್ದ. ತಿಂಗಳು ಮುಗಿದ ದಿನವೇ ತಂಗಮ್ಮ ಅವನಿಗೆ ಒಳಗೆ ಬರುವ ಲಿಂಕ್ ಕಳಿಸಿದಳು. ಅವನು ಅದನ್ನು ಮುಟ್ಟಲಿಲ್ಲ. ಎದುರು ಸಿಕ್ಕರೆ ರಸ್ತೆಯ ಆ ಬದಿಗೆ ಹೋಗುವುದು, ಪತ್ರಿಕೆಗೆ ಬೇರೆ ಅಂಗಡಿ. ಮೀಸೆ ಬಂದ ಗಂಡಸು ಎಂದು ಸುಮ್ಮನಿದ್ದೆ, ಇಲ್ಲದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಹೀಗಿರುವಾಗ ಆ ಬೆಳಿಗ್ಗೆ ಬಂತು. ದಟ್ಟ ಮಂಜು. ನಾನು ಪತ್ರಿಕೆ ತೆಗೆದುಕೊಳ್ಳಲು ಬೂತಿನ ಮುಂದೆ ನಿಂತಿದ್ದೆ. ಪೂವಯ್ಯನವರ ಮನೆ ಇರುವ ಮೇಲಿನ ಗುಡ್ಡದಿಂದ ಎರಡು ಗುಂಡು ಕೇಳಿತು, ಬೆನ್ನುಬೆನ್ನಿಗೆ.

ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಇಲ್ಲಿ ಕೋವಿ ಒಂದರ ಹಿಂದೆ ಒಂದು ಎರಡು ಸಲ ಸದ್ದು ಮಾಡಿದರೆ ಆ ದಿಕ್ಕಿನ ಮನೆಯಲ್ಲಿ ಸಾವಾಗಿದೆ ಎಂದೇ. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತಾರೆ. ಆನೆಯನ್ನು ಹೆದರಿಸಲು ಹೊಡೆಯುವವರು ಅದಕ್ಕಾಗಿಯೇ ಒಂದು ಹೊಡೆದು ತುಂಬ ಹೊತ್ತು ಸುಮ್ಮನಿರುತ್ತಾರೆ. ಪೂವಯ್ಯನವರಂತೂ ಆಸ್ಪತ್ರೆಯವರು ಕೈಚೆಲ್ಲಿ ಮನೆಗೆ ಕಳಿಸಿದ ಮೇಲೆ ಹಾಸಿಗೆಯಲ್ಲೇ ಇದ್ದರು. ಊರೆಲ್ಲ ಆ ಎರಡು ಗುಂಡಿಗೆ ಕಿವಿ ತೆರೆದುಕೊಂಡೇ ಇತ್ತು ಎಂದರೂ ತಪ್ಪಿಲ್ಲ.

ತಂಗಮ್ಮನ ಕೈಯಿಂದ ಪತ್ರಿಕೆಯ ಕಟ್ಟು ಜಾರಿತು. “ಮಾವ” ಎಂದಳು, ಅಷ್ಟೇ. ಮನೆಗೆ ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಅಷ್ಟರಲ್ಲಿ ಆ ಮನೆಯ ಕೆಳಗಿನ ತೋಟದ ಬೆಳ್ಯಪ್ಪನೇ ಫೋನ್ ಮಾಡಿದ.

“ತಂಗಮ್ಮಕ್ಕ, ಕೇಳ್ತಾ? ಪೂವಯ್ಯಜ್ಜನ ಮನೆ ಅಂಗಳದಿಂದಲೇ. ಹೋದ್ರು ಕಾಣ್ತದೆ.”

ಅವಳು ಅಳುತ್ತಲೇ ಗುಂಪಿಗೆ ಹೇಳಿದಳು. ಬರೆಯಲು ಹೋಗದೆ ದನಿಯಲ್ಲೇ ಹೇಳಿದಳು. ‘ನನ್ನ ಮಾವ ಪೂವಯ್ಯ ತೀರಿಹೋದರು.’ ಅವಳ ಬಾಯಿಂದ ಬಂದ ಮೇಲೆ ಇನ್ನೇನು ಅನುಮಾನ? ಕೈ ಮುಗಿದ ಚಿತ್ರಗಳು, ಓಂ ಶಾಂತಿಗಳು ಪುಂಖಾನುಪುಂಖವಾಗಿ ಬಂದವು. ಎದುರಿನ ಹೋಟೆಲಿನವನು ಒಲೆ ಆರಿಸಿ ಅರ್ಧ ಬಾಗಿಲು ಎಳೆದ. ತಂಗಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಶಟರಿಗೆ ಕೈ ಹಾಕಿದಳು. ಆಗ ಅವಳ ಫೋನ್ ರಿಂಗಾಯಿತು. ಪರದೆಯ ಮೇಲಿದ್ದ ಹೆಸರು ನೋಡಿ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಶಶಿಧರ.

“ತಂಗಮ್ಮಕ್ಕ, ಯಾರೋ ಹೇಳಿದ್ರು ನೀವು ಸಾವು ಹೇಳಿದ್ರಿ ಅಂತ. ಯಾರನ್ನೂ ಮೇಲೆ ಕಳಿಸ್ಬೇಡಿ! ತೋಟದ ಒಳದಾರಿಲಿ ಆನೆ ಉಟ್ಟು, ಮರಿಯೂ ಉಟ್ಟು. ಗುಂಡು ಕೇಳಿ ಅಜ್ಜನ ಅಂಗಳದಿಂದಲೇ ಇಳಿದು ಬಂದದ್ದು, ನಾ ಈಗ ಕಣ್ಣಾರೆ ನೋಡ್ದೆ. ಆ ಗುಂಡು ಆನೆಗೆ ಹೊಡೆದದ್ದು.”

ಅವನ ದನಿ ಅಷ್ಟು ಜೋರಾಗಿತ್ತು, ನನಗೂ ಕೇಳಿಸಿತು. ಮಾವ ಬದುಕಿದ್ದಾರೆ ಎಂಬ ಮಾತು ತಂಗಮ್ಮನ ಮನಸ್ಸಿಗೆ ಇಳಿಯುವ ಮೊದಲೇ ಇನ್ನೊಂದು ಮಾತು ಇಳಿಯಿತು. ಸಾವಿನ ಮನೆಗೆ ಜನ ಸುತ್ತುಬಳಸಿನ ರಸ್ತೆಯಲ್ಲಿ ಹೋಗುವುದಿಲ್ಲ, ತೋಟದ ನಡುವಿನ ಒಳದಾರಿಯಲ್ಲೇ ಹತ್ತುತ್ತಾರೆ. ಅವಳೇ ಕಳಿಸಿದ ಹಾಗಾಗಿತ್ತು. ತಕ್ಷಣ ಗುಂಪಿನಲ್ಲಿ ಕೂಗಿ ಹೇಳಿದಳು. ‘ಯಾರೂ ಒಳದಾರಿ ಹತ್ತಬೇಡಿ, ಮರಿ ಇರುವ ಆನೆ ಉಟ್ಟು. ಸಾವು ಸುಳ್ಳು. ತಪ್ಪು ನಂದು.’ ಹೊರಟವರು ಅಲ್ಲಲ್ಲೇ ನಿಂತರು, ಒಬ್ಬೊಬ್ಬರೇ ಬರೆದು ತಿಳಿಸಿದರು.

ಸಿದ್ದಿಯಿಂದ ಮಾತ್ರ ಸುದ್ದಿ ಇಲ್ಲ. ನಮ್ಮ ಮನೆಗೆ ಫೋನ್ ಮಾಡಿದರೆ ನನ್ನ ಯಜಮಾನರು ನಾಗೇಶ್ವರ ಹೇಳಿದರು, “ಅವಳು ಆಗಲೇ ಹತ್ತಿಹೋದಳಲ್ಲ. ಅಳ್ತಾ ಹೋದಳು, ಒಳದಾರಿಲೇ.”

ತಂಗಮ್ಮ ಅವಳಿಗೆ ಫೋನ್ ಮಾಡಿದಳು. ಎತ್ತುತ್ತಿಲ್ಲ. ಮತ್ತೆ ಮಾಡಲು ಹೋಗಿ ಕೈ ಹಿಂದೆಗೆದಳು, ಆ ರಿಂಗಿಗೇ ಆನೆ ತಿರುಗಿದರೆ? ಅವಳು ಅಷ್ಟು ಹೆದರಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಶಶಿಧರನಿಗೆ ಮತ್ತೆ ಫೋನ್ ಮಾಡಿ, “ಶಶಿ, ಸಿದ್ದಿ ದಾರಿಲಿ ಇದ್ದಾಳೆ ಮಾರಾಯಾ” ಎಂದಳು. ಅವನು ಫೋನ್ ಕಟ್ ಮಾಡಿದ.

ಸ್ವಲ್ಪ ಹೊತ್ತಿಗೆ ಮಂಜಿನೊಳಗಿಂದ ಎಸ್ಟೇಟ್ ಜೀಪಿನ ಹಾರ್ನ್ ಕೇಳಿತು. ಒಂದೇ ಸಮ, ಉದ್ದಕ್ಕೆ, ಬಿಡದೆ. ನಮ್ಮ ತೋಟಗಳಲ್ಲಿ ಹಾಗೆ ಹಾರ್ನ್ ಹಿಡಿದರೆ ಆನೆ ಇದೆ, ಮುಂದೆ ಹೋಗಬೇಡಿ, ಸದ್ದಿನ ಕಡೆಗೆ ಇಳಿದು ಬನ್ನಿ ಎಂದರ್ಥ. ಒಳದಾರಿಯ ಬುಡದಲ್ಲಿ ಜೀಪು ನಿಲ್ಲಿಸಿ ಶಶಿಧರ ಹಾರ್ನಿನ ಮೇಲೆ ಕೈಯಿಟ್ಟು ಕೂತಿದ್ದ. ಬ್ಯಾಟರಿ ಇಳಿದು ಆ ಸದ್ದು ಕರು ಕೂಗಿದ ಹಾಗಾಗುವವರೆಗೂ ಕೈ ತೆಗೆಯಲಿಲ್ಲ. ನಾವು ಓಡಿ ಹೋಗಿ ಅಲ್ಲಿ ಮುಟ್ಟುವಾಗ ಸಿದ್ದಿ ಕಾಫಿ ಗಿಡಗಳ ನಡುವಿನಿಂದ ಇಳಿದು ಬರುತ್ತಿದ್ದಳು. ಕಾಲಿನ ಚಪ್ಪಲಿ ಎಲ್ಲೋ ಹೋಗಿತ್ತು, ಮೈಯಲ್ಲಿ ಒಂದು ಗೀರೂ ಇರಲಿಲ್ಲ.

ನಾನು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ನಾಚಿಕೆ ಏನಿಲ್ಲ. ಅಷ್ಟು ಹಗುರಾಗಿ ನಾನು ಯಾವತ್ತೂ ಅತ್ತಿರಲಿಲ್ಲ.

ಸಿದ್ದಿ ಅಳಲಿಲ್ಲ. ತಂಗಮ್ಮನ ಎದುರು ನಿಂತು ಹೇಳಿದಳು. “ಆನೆ ಲದ್ದಿ ಕಾಲಿಗೆ ಸಿಕ್ತು ಅಕ್ಕ. ಇನ್ನೂ ಹೊಗೆ ಆಡ್ತಿತ್ತು. ನಿಮ್ಮ ಮಾತು ಕೇಳಿ ಹೋದೆ ನಾನು. ಇನ್ನು ಕೇಳಲ್ಲ.”

ತಂಗಮ್ಮ ತನ್ನ ಚಪ್ಪಲಿ ಬಿಚ್ಚಿ ಅವಳ ಕಾಲ ಬಳಿ ಇಟ್ಟಳು.

ಮೇಲಿನ ಮನೆಯ ಕಥೆ ಆಮೇಲೆ ತಿಳಿಯಿತು. ಅಜ್ಜನನ್ನು ನೋಡಿಕೊಳ್ಳಲು ಬಂದಿದ್ದ ಮೊಮ್ಮಗ ದೀಕ್ಷಿತ್ ಅಂಗಳದ ಬಾಳೆಗೆ ಆನೆ ಬಂದದ್ದು ಕಂಡು ಗಾಬರಿಯಿಂದ ಕೋವಿಯ ಎರಡೂ ನಳಿಗೆ ಬೆನ್ನುಬೆನ್ನಿಗೆ ಖಾಲಿ ಮಾಡಿದ್ದ. ಮನೆಯವರೆಲ್ಲ ಹಿತ್ತಿಲಿಗೆ ಓಡಿದ್ದರು, ಫೋನ್ ಒಳಗೆ ಹೊಡೆದುಕೊಳ್ಳುತ್ತಿತ್ತು. ವಾರದಿಂದ ಬಾಯಿ ಬಿಡದಿದ್ದ ಪೂವಯ್ಯನವರು ಮಾತ್ರ ಹಾಸಿಗೆಯಲ್ಲಿ ಕಣ್ಣು ತೆರೆದು ಕೇಳಿದರಂತೆ.

“ಯಾರ್ ಹೋದದ್ದ್?”

ಮಧ್ಯಾಹ್ನ ನಾವು ಹೋದಾಗ ಗೋಡೆಗೆ ಒರಗಿ ಗಂಜಿ ಕುಡಿಯುತ್ತಿದ್ದರು. ತಾನೇ ಹೋದದ್ದೆಂದು ತಿಳಿದು ನಕ್ಕದ್ದಕ್ಕೆ ಗಂಜಿ ನೆತ್ತಿಗೇರಿತು. ಎಷ್ಟು ಜನ ಹೊರಟಿದ್ದರು, ಹೋಟೆಲು ಮುಚ್ಚಿದ್ದು ನಿಜವೇ ಎಂದು ತಿರುಗಿ ತಿರುಗಿ ಕೇಳಿ ಖುಷಿಪಟ್ಟರು. ದೀಕ್ಷಿತನಿಗೆ ಮಾತ್ರ ನಾನು ಕನ್ನಡದಲ್ಲಿ ಇರುವುದನ್ನೆಲ್ಲ ಬೈದೆ.

ತಂಗಮ್ಮ ಮಾವನ ಕೈ ಹಿಡಿದು ಸ್ವಲ್ಪ ಹೊತ್ತು ಕೂತಳು. ಎದ್ದವಳು ನೇರ ಬೂತಿಗೆ ಬಂದು ಶಶಿಧರನನ್ನು ಕರೆಸಿದಳು. ಅವನು ಬಂದ. ರಸ್ತೆಯ ಈ ಬದಿಯಲ್ಲೇ ಬಂದ.

“ಆ ಲಿಂಕ್ ಉಟ್ಟಲ್ಲ, ಒತ್ತು” ಎಂದಳು. ಒತ್ತಿದ. ಅವನು ಗುಂಪಿಗೆ ಬಂದದ್ದೇ ಅವನನ್ನೂ ಅಡ್ಮಿನ್ ಮಾಡಿದಳು. “ಇನ್ನು ನನ್ನನ್ನು ತೆಗಿ. ಒಂದು ತಿಂಗಳು.”

ಶಶಿಧರನ ಮುಖ ಕೆಂಪಾಯಿತು. “ಎಂತ ಮಾತು ಅಕ್ಕ ಇದು? ನಿಮ್ಮನ್ನ ನಾ ತೆಗೆಯೋದಾ? ಬೇಕಾದ್ರೆ ನೀವೇ ಸ್ವಲ್ಪ ದಿನ ಹೊರಗೆ ಹೋಗಿ ಬನ್ನಿ.”

“ನಾನೇ ಹೋದ್ರೆ ‘ತಂಗಮ್ಮ ಹೊರಗೆ ಹೋದರು’ ಅಂತ ಬರ್ತದೆ. ಅದು ಮುನಿಸು. ನೀನು ತೆಗೆದ್ರೆ ‘ತೆಗೆದಿದ್ದಾರೆ’ ಅಂತ ಬರ್ತದೆ. ನಿಂಗೆ ಹಾಗೇ ಬಂದದ್ದಲ್ಲವಾ?”

ಅಂಗಡಿಯ ಮುಂದೆ ಸೇರಿದ್ದವರೆಲ್ಲ ಬೇಡ ಎಂದರು. ಬೆಳ್ಯಪ್ಪ, ತಪ್ಪು ತನ್ನದೆಂದ. ಪೂವಯ್ಯನವರ ಮೇಲಿನ ಪ್ರೀತಿಗೆ ಹಾಗಾಯಿತು, ಯಾರಿಗಾದರೂ ಆಗುತ್ತಿತ್ತು ಎಂದು ನಾನೂ ದನಿ ಏರಿಸಿದೆ. ಅವಳು ನನ್ನ ಕಡೆ ತಿರುಗಿದಳು.

“ಉದ್ದೇಶ ಒಳ್ಳೇದಿತ್ತು ಅಂತೀರಾ ಟೀಚರೇ?”

ಇಂಥವಳ ಜೊತೆ ವಾದಕ್ಕೆ ನಿಲ್ಲಬಾರದು.

ಶಶಿಧರ ಫೋನ್ ತೆಗೆದುಕೊಂಡ. ಎರಡು ಸಲ ಒತ್ತಲು ಹೋಗಿ ನಿಲ್ಲಿಸಿದ. ಕೊನೆಗೆ ಒತ್ತಿ, ಫೋನನ್ನು ಬೋರಲು ಹಾಕಿ, ಕಣ್ಣು ಉಜ್ಜಿಕೊಂಡ. ‘ಶಶಿಧರ ಅವರು ತಂಗಮ್ಮ ಅವರನ್ನು ತೆಗೆದಿದ್ದಾರೆ’ ಎಂಬ ಸಾಲು ನಮ್ಮೆಲ್ಲರ ಫೋನುಗಳಲ್ಲಿ ಬಂದು ಕೂತಿತು. ಆಮೇಲೆ ಅವನು ಯಾಕೆ ತೆಗೆದದ್ದೆಂದು ತನ್ನ ದನಿಯಲ್ಲಿ ಹೇಳಿ ಹಾಕಿದ. ತಂಗಮ್ಮನ ಮುಖ ನೋಡಿದೆ. ತಲೆಯ ಮೇಲಿನ ಮೂಟೆ ಇಳಿಸಿದವಳ ಹಾಗಿದ್ದಳು. “ಒಂದು ಕಾಫಿ ಕುಡಿಯುವಾ?” ಎಂದಳು.

ಮಾರನೆಯ ಬೆಳಿಗ್ಗೆ ಜಗಲಿಯಲ್ಲಿ ಕೂತು ನೋಡಿದೆ. ಸಿದ್ದಿ ಲೈನಿನ ಕೊನೆಯ ಮನೆ ದಾಟಿದಳು. ನಿಲ್ಲಲಿಲ್ಲ. ಕೈಯಲ್ಲಿ ಫೋನೂ ಇರಲಿಲ್ಲ. ಅದೇ ಮಂಜಿನೊಳಗೆ ತಲೆ ತಗ್ಗಿಸಿ ನಡೆದುಹೋದಳು.

ಬೂತಿಗೆ ಹೋದಾಗ ತಂಗಮ್ಮ ಪತ್ರಿಕೆ ಕೊಡುತ್ತ ಕೇಳಿದಳು. “ಸಿದ್ದಿ ನಿಂತ್ಳಾ?”

ಸುಳ್ಳು ಹೇಳಬಹುದಿತ್ತು. “ಇಲ್ಲ” ಎಂದೆ. ಅವಳು ಜೆರಾಕ್ಸ್ ಯಂತ್ರ ಒರೆಸತೊಡಗಿದಳು.

ನನಗೆ ತಡೆಯಲಾಗಲಿಲ್ಲ. ಸಾಯಂಕಾಲ ಪಿಕ್ಕಿಂಗ್ ಮುಗಿಸಿ ಎಲ್ಲರೂ ಬಂದ ಮೇಲೆ ಲೈನಿಗೆ ಹೋದೆ. ಸಿದ್ದಿ ಒಲೆ ಊದುತ್ತಿದ್ದಳು. ಗುಂಪಿನ ಮಾತೆತ್ತಿದರೆ, “ಬೇಡ ಟೀಚರಮ್ಮ, ನಂಗೆ ಅದು ಬೇಡ” ಎಂದಳು. ನಾನು ಬೇಡಿಕೊಳ್ಳಲಿಲ್ಲ. ನನ್ನ ಫೋನ್ ತೆಗೆದು ಶಶಿಧರ ಹೇಳಿದ್ದನ್ನು ಕೇಳಿಸಿದೆ. ‘ಸಾವು ಅಂತ ತಪ್ಪು ಸುದ್ದಿ ಹೇಳಿದ್ದಕ್ಕೆ ಅಡ್ಮಿನ್ ತಂಗಮ್ಮ ಅವರನ್ನ ಒಂದು ತಿಂಗಳು ಗುಂಪಿನಿಂದ ತೆಗೆದಿದೆ.’

ಸಿದ್ದಿ ಊದುಗೊಳವೆ ಕೆಳಗಿಟ್ಟಳು. “ಇನ್ನೊಂದ್ಸಲ ಹಾಕಿ.”

ಹಾಕಿದೆ.

“ತಂಗಮ್ಮಕ್ಕನ್ನೇ?”

“ಅವಳನ್ನೇ.”

“ದೊಡ್ಡೋರನ್ನೂ ತೆಗೀತಾರಾ ಅದ್ರಲ್ಲಿ?”

“ತೆಗೆದರು. ನನ್ನ ಕಣ್ಣೆದುರಿಗೇ. ಅವಳೇ ಹೇಳಿ ತೆಗೆಸಿಕೊಂಡಳು.”

ಅವಳು ಊದುಗೊಳವೆ ಎತ್ತಿಕೊಂಡು ಮತ್ತೆ ಒಲೆ ಊದತೊಡಗಿದಳು. ನಾನೂ ಎದ್ದು ಬಂದೆ.

ಮರುದಿನ ಬೆಳಗಾಗುವ ಮೊದಲೇ ಜಗಲಿಯಲ್ಲಿದ್ದೆ. ನಾಗೇಶ್ವರ ಒಳಗಿಂದ, ಆ ಚಳಿಯಲ್ಲಿ ಏನು ತಪಸ್ಸು ಎಂದು ಗೊಣಗಿದರು. ಲೈನಿನ ಬಾಗಿಲುಗಳು ತೆರೆದವು. ಪಿಕ್ಕಿಂಗಿನವರು ಚೀಲ ಹೆಗಲಿಗೆ ಹಾಕಿಕೊಂಡು ಒಬ್ಬೊಬ್ಬರೇ ಹೊರಟರು. ಸಿದ್ದಿ ಬಂದಳು. ಕೊನೆಯ ಮನೆಯ ಹತ್ತಿರ ಅವಳ ಕಾಲು ನಿಧಾನವಾಯಿತು. ನಿಂತಳು. ಸೊಂಟದಿಂದ ಫೋನ್ ತೆಗೆದು ಕಿವಿಗೆ ಹಿಡಿದಳು. ಶಶಿಧರನ ದನಿ ‘ಆನೆ ಉಟ್ಟು’ ಎಂದಿರಬೇಕು. ತೋಟಕ್ಕೆ ಇಳಿಯುವುದನ್ನು ಬಿಟ್ಟು ಹಿಂದಕ್ಕೆ ಬಂದು, ಉಳಿದವರನ್ನೂ ಕೈ ಅಡ್ಡ ಹಿಡಿದು ನಿಲ್ಲಿಸಿ, ಕಟ್ಟೆಯ ಮೇಲೆ ಕೂತಳು. ಬಿಸಿಲು ಬಂದು ಮಂಜು ಕರಗುವವರೆಗೂ ಕೂತೇ ಇದ್ದಳು.

ನಾನು ಚಪ್ಪಲಿ ಮೆಟ್ಟಿ ಹೆಚ್ಚು ಕಡಿಮೆ ಓಡುತ್ತಲೇ ಪೇಟೆಗೆ ಹೋದೆ. ಬೂತಿನ ಶಟರ್ ಅರ್ಧ ತೆರೆದಿತ್ತು. ತಂಗಮ್ಮ ಒಳಗಿಂದ ಬಗ್ಗಿ ನನ್ನ ಮುಖ ನೋಡಿದಳು.

“ನಿಂತ್ಳು” ಎಂದೆ.